ಕಣ್ಣಾರೆ ಕಂಡವರು, ನಾಲ್ಕು ಖಾಲಿ ತೋಟೆಗಳು

ಎಲ್ಲರಿಗೂ ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಬೀಚ್ ಇಲ್ಲ, ಊಟದ ಹೋಟೆಲ್ ಇಲ್ಲ. ಒಂದು ಹಳೆಯ ಕೊಲೆ ಕೇಸಿನ ಬಗ್ಗೆ ಮಾತಾಡುವುದಿದೆ.

1963ರ ನವೆಂಬರ್ 22, ಅಮೆರಿಕದ ಡಲ್ಲಾಸ್ ನಗರ. ಇಷ್ಟು ಹೇಳಿದ ಕೂಡಲೇ ನಿಮಗೆ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆ ನೆನಪಾಗುತ್ತದೆ ಅಲ್ವಾ? ನಾನು ಹೇಳ ಹೊರಟದ್ದು ಅದೇ ದಿನ, ಅದೇ ಊರಿನಲ್ಲಿ, ಮುಕ್ಕಾಲು ಗಂಟೆ ಬಿಟ್ಟು ನಡೆದ ಇನ್ನೊಂದು ಕೊಲೆ. ಸತ್ತವರು ಜೆ. ಡಿ. ಟಿಪಿಟ್ ಎಂಬ ಪೊಲೀಸ್. ವಯಸ್ಸು 39. ಹೆಂಡತಿ, ಮೂರು ಮಕ್ಕಳು. ಓಕ್ ಕ್ಲಿಫ್ ಎಂಬ ಬಡಾವಣೆಯ ಹತ್ತನೇ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬನ ಪಕ್ಕ ಕಾರು ನಿಲ್ಲಿಸಿದರು, ಏನೋ ಕೇಳಿದರು, ಕಾರಿನಿಂದ ಇಳಿದರು. ಅಷ್ಟರಲ್ಲಿ ಗುಂಡು ಬಿತ್ತು. ಕೆನಡಿ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಇವರನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ನಿಜವಾಗಿ ಬೇಜಾರಿನ ವಿಷಯ. ಯಾಕಂದರೆ ಸಾಕ್ಷಿ ಅಂದರೆ ಏನು, ಅದನ್ನು ಎಷ್ಟು ನಂಬಬೇಕು ಅನ್ನುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕೇಸ್ ನನಗೆ ಸಿಕ್ಕಿಲ್ಲ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ಮಂಗಳೂರಿನ ಕರಂಗಲ್ಪಾಡಿ. ಇಲ್ಲಿನ ಕೋರ್ಟಿನಲ್ಲಿ ನನ್ನ ದೊಡ್ಡಪ್ಪ ಕ್ರಿಮಿನಲ್ ವಕೀಲರಾಗಿದ್ದರು, ಈಗ ನಿವೃತ್ತಿ. ಚಿಕ್ಕಮ್ಮನ ಮಗ, ನನಗಿಂತ ಸಣ್ಣವನು, ಈ ಕೇಸಿನ ಬಗ್ಗೆ ಸಿಕ್ಕಿದ್ದೆಲ್ಲ ನೋಡುತ್ತಾನೆ. ಇವರಿಬ್ಬರೂ ಒಟ್ಟಿಗೆ ಕೂತರೆ ಚಾ ಆರಿ ಹೋದರೂ ಗೊತ್ತಾಗುವುದಿಲ್ಲ. ತಮ್ಮನ ವಾದ ಇಷ್ಟೇ: ಪೊಲೀಸರು ತನಿಖೆ ಹಾಳು ಮಾಡಿದ್ದಾರೆ, ಹಾಗಾಗಿ ಎರಡೂ ಕೊಲೆಗಳ ಆರೋಪಿ ಲೀ ಹಾರ್ವೆ ಆಸ್ವಾಲ್ಡ್ ನಿರಪರಾಧಿ. ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ 'ಹಾಗಾಗಿ' ಇದೆಯಲ್ಲ, ಅದನ್ನು ಒಪ್ಪುವುದಿಲ್ಲ. ಕೆಟ್ಟ ತನಿಖೆ ಒಂದು, ತಪ್ಪು ಮನುಷ್ಯ ಇನ್ನೊಂದು. ಎರಡನ್ನೂ ಬೇರೆ ಬೇರೆ ಸಾಬೀತು ಮಾಡಬೇಕು.

ಮೊದಲು ಹೆಲೆನ್ ಮಾರ್ಕಮ್. ಹೋಟೆಲಿನಲ್ಲಿ ಸಪ್ಲೈ ಕೆಲಸ ಮಾಡುತ್ತಿದ್ದ ಹೆಂಗಸು, ಬಸ್ಸಿಗೆಂದು ನಡೆದು ಹೋಗುತ್ತಿದ್ದರು. ಮೂಲೆಗೆ ಬಂದು ನಿಂತಾಗ ಎದುರಿಗೇ ಕೊಲೆ. ಕೊಲೆಗಾರ ತನ್ನ ಕಡೆ ಬರುವುದು ಕಂಡು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ, ಆಮೇಲೆ ನಿಧಾನಕ್ಕೆ ಬೆರಳು ಬಿಡಿಸಿ ನೋಡಿದೆ ಅಂತ ಅವರು ವಾರೆನ್ ಆಯೋಗದ, ಅಂದರೆ ಕೆನಡಿ ಕೊಲೆಯ ತನಿಖೆಗೆ ಸರ್ಕಾರ ನೇಮಿಸಿದ ಆಯೋಗದ, ಮುಂದೆ ಹೇಳಿದರು. ಸ್ವಲ್ಪ ಯೋಚನೆ ಮಾಡಿ ನೋಡಿ. ಇಡೀ ಕೇಸಿನ ಮುಖ್ಯ ಸಾಕ್ಷಿ ಆರೋಪಿಯ ಮುಖ ನೋಡಿದ್ದು ಬೆರಳುಗಳ ಸಂದಿಯಿಂದ, ನಡುಗುತ್ತಾ.

ಅದೇ ಸಂಜೆ ನಾಲ್ಕೂವರೆ ಸುಮಾರಿಗೆ ಅವರನ್ನು ಗುರುತು ಹಿಡಿಯಲು ಕರೆದುಕೊಂಡು ಹೋದರು. ಆಕೆ ತಲೆ ತಿರುಗಿ ಬೀಳುವ ಹಾಗಿದ್ದರು. ಮೂಗಿಗೆ ಅಮೋನಿಯ ಹಿಡಿದು ಎಚ್ಚರ ಉಳಿಸಿದರು. ಸಾಲಿನಲ್ಲಿ ನಾಲ್ಕು ಜನ. ಆಸ್ವಾಲ್ಡ್ ಬಿಟ್ಟು ಉಳಿದ ಮೂವರೂ ಪೊಲೀಸ್ ಇಲಾಖೆಯಲ್ಲೇ ಕೆಲಸ ಮಾಡುವವರು, ಬಟ್ಟೆಬರೆ ನೀಟಾಗಿ ಇದ್ದವರು. ಆಸ್ವಾಲ್ಡ್ ಮುಖದಲ್ಲಿ, ಬಂಧಿಸುವಾಗ ನಡೆದ ಜಟಾಪಟಿಯ ಗಾಯ. ಇದರಲ್ಲಿ ಪೊಲೀಸರಿಗೆ ಬೇಕಾದವನು ಯಾರು ಅಂತ ಕೊಲೆ ನೋಡದವರೂ ಹೇಳಬಹುದು!

ಆಮೇಲೆ ಆಯೋಗದ ವಕೀಲ ಜೋಸೆಫ್ ಬಾಲ್, ಮಾರ್ಕಮ್ ಅವರನ್ನು ಕೇಳಿದರು, ಆ ಸಾಲಿನಲ್ಲಿ ಯಾರನ್ನಾದರೂ ಗುರುತು ಹಿಡಿದಿರಾ? ಇಲ್ಲ ಅಂದರು. ಮುಖ ನೋಡಿ ಯಾರಾದರೂ ಗೊತ್ತಾದರಾ? ಇಲ್ಲ. ಮತ್ತೆ ತಿರುಗಿಸಿ ಕೇಳಿದರು, ಮತ್ತೆ ಇಲ್ಲ. ಕೊನೆಗೆ ಬಾಲ್ ಅವರೇ, ಅಲ್ಲಿ ಎರಡನೇ ನಂಬರಿನವನು ಅಂತ ಒಬ್ಬ ಇದ್ದನಾ ಅಂತ ಕೇಳಿದ ಮೇಲೆ, ಹೌದು, ನಾನು ತೋರಿಸಿದ್ದು ಅವನನ್ನೇ, ಅವನನ್ನು ನೋಡಿದಾಗ ಮೈಯೆಲ್ಲ ತಣ್ಣಗಾಯಿತು ಅಂದರು.

ಇದನ್ನು ಓದಿ ಹೇಳಿದಾಗ ದೊಡ್ಡಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಎಂತ ಮಾರಾಯ್ತಿ ಇದು, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟ ಹಾಗಾಯಿತಲ್ಲ" ಅಂದರು. ನಮ್ಮಲ್ಲಿ ಗುರುತು ಪತ್ತೆ ಪರೇಡ್ ನಡೆಸುವುದು ಪೊಲೀಸರಲ್ಲ, ಮ್ಯಾಜಿಸ್ಟ್ರೇಟ್. ಪರೇಡ್ ಆಗುವ ತನಕ ಆರೋಪಿಯ ಮುಖ ಸಾಕ್ಷಿಗಳಿಗೆ ಕಾಣಬಾರದು, ಅದಕ್ಕೇ ನ್ಯೂಸಿನಲ್ಲಿ ನೀವು ಮುಸುಕು ಹಾಕಿ ಕರೆತರುವುದನ್ನು ನೋಡುವುದು. ಪಕ್ಕದಲ್ಲಿ ನಿಲ್ಲಿಸುವವರು ನೋಡಲು ಅದೇ ತರದವರಾಗಿರಬೇಕು. ಇಷ್ಟೆಲ್ಲ ಮಾಡಿದರೂ ಆ ಪರೇಡ್ ಒಂದೇ ಸಾಕಾಗುವುದಿಲ್ಲ, ಸಾಕ್ಷಿ ಕೋರ್ಟಿಗೆ ಬಂದು ಕಟಕಟೆಯಲ್ಲಿ ನಿಂತು ಗುರುತಿಸಬೇಕು, ಎದುರು ಪಕ್ಷದ ವಕೀಲರು ಪಾಟೀಸವಾಲು ಮಾಡಬೇಕು. ಡಲ್ಲಾಸ್ ಕೇಸಿನಲ್ಲಿ ಅದು ನಡೆಯಲೇ ಇಲ್ಲ. ನವೆಂಬರ್ 24ಕ್ಕೆ ಜ್ಯಾಕ್ ರೂಬಿ ಎಂಬವನು ಪೊಲೀಸರ ಮಧ್ಯದಲ್ಲೇ, ಟಿವಿ ಕ್ಯಾಮೆರಾ ಎದುರಿಗೇ ಆಸ್ವಾಲ್ಡ್‌ಗೆ ಗುಂಡು ಹೊಡೆದ. ಮಾರ್ಕಮ್ ಅವರಿಗೆ ಒಂದೇ ಒಂದು ಪಾಟೀಸವಾಲು ಬೀಳಲಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಟಿಪಿಟ್ ಕುಟುಂಬಕ್ಕೂ ಅನ್ಯಾಯ, ಆಸ್ವಾಲ್ಡ್ ಕುಟುಂಬಕ್ಕೂ ಅನ್ಯಾಯ.

ಕೊಲೆಯಾದ ಮಾರನೇ ದಿನ, ಶನಿವಾರದ ಪರೇಡ್ ಇನ್ನೂ ಕೆಟ್ಟದು. ಇಬ್ಬರು ಟ್ಯಾಕ್ಸಿ ಡ್ರೈವರ್‌ಗಳನ್ನು ಒಟ್ಟಿಗೆ ಕರೆದರು. ಆ ಹೊತ್ತಿಗೆ ಆಸ್ವಾಲ್ಡ್ ಫೋಟೊ ಪೇಪರ್, ಟಿವಿ ಎಲ್ಲದರಲ್ಲೂ ಬಂದಾಗಿತ್ತು. ಸಾಲಿನಲ್ಲಿ ನಿಂತ ಆಸ್ವಾಲ್ಡ್, ನನ್ನನ್ನು ಈ ಹುಡುಗರ ಜೊತೆ ನಿಲ್ಲಿಸಿದ್ದು ಮೋಸ ಅಂತ ಕೂಗಾಡುತ್ತಿದ್ದ. ಅವರಲ್ಲೊಬ್ಬ, ಕೊಲೆಯ ದಿನ ಆಸ್ವಾಲ್ಡ್‌ನನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದಿದ್ದ ವಿಲಿಯಂ ವೇಲಿ, ಆಯೋಗದ ಮುಂದೆ ಸತ್ಯ ಹೇಳಿದ: ಅವನು ಬೈಯುವುದನ್ನು ಕೇಳಿಯೇ ಯಾರು ಬೇಕಾದರೂ ಆರಿಸಬಹುದಿತ್ತು. ಆ ಮಾತಿಗೆ ನನ್ನ ಕಡೆಯಿಂದ ಮರ್ಯಾದೆ ಇದೆ.

ಸರಿ, ಈಗ ಟೈಮ್ ವಿಷಯ. ತಮ್ಮನ ಕೈಯಲ್ಲಿರುವ ದೊಡ್ಡ ಅಸ್ತ್ರ ಇದು. ಮಾರ್ಕಮ್ ತಮ್ಮ ಅಫಿಡವಿಟ್‌ನಲ್ಲಿ ಕೊಲೆಯಾದದ್ದು ಸುಮಾರು 1:06ಕ್ಕೆ ಅಂದಿದ್ದಾರೆ. ಟಿ. ಎಫ್. ಬೌಲಿ ಎಂಬವರು ಅಲ್ಲಿಗೆ ಕಾರಿನಲ್ಲಿ ಬಂದಾಗ ವಾಚ್ ನೋಡಿದರೆ 1:10. ಆಸ್ವಾಲ್ಡ್ ಬಾಡಿಗೆ ರೂಮಿನಿಂದ ಹೊರಬಿದ್ದದ್ದು ಒಂದು ಗಂಟೆ ಕಳೆದ ಮೇಲೆ. ಅಲ್ಲಿಂದ ಕೊಲೆಯಾದ ಜಾಗಕ್ಕೆ ಹೆಚ್ಚು ಕಡಿಮೆ ಒಂದೂವರೆ ಕಿಲೋಮೀಟರ್. ಬೇಗ ನಡೆದರೂ ಹನ್ನೆರಡು ನಿಮಿಷ ಬೇಕೇ ಬೇಕು. 1:06 ನಿಜವಾದರೆ ಅವನು ಅಲ್ಲಿರಲು ಸಾಧ್ಯವೇ ಇಲ್ಲ. ಆದರೆ ಟಿಪಿಟ್ ಕಾರಿನ ರೇಡಿಯೊದಿಂದ ಸಾರ್ವಜನಿಕರೊಬ್ಬರು ಸುದ್ದಿ ಮುಟ್ಟಿಸಿದ್ದು ಪೊಲೀಸ್ ರೆಕಾರ್ಡಿಂಗ್‌ನ ಲೆಕ್ಕದಲ್ಲಿ ಸುಮಾರು 1:16ಕ್ಕೆ. ಆ ಮಾತು ಟೇಪಿನಲ್ಲಿ ಇದೆ. 1:06ಕ್ಕೆ ಕೊಲೆಯಾಗಿದ್ದರೆ ಅಷ್ಟು ಜನ ಸೇರಿದ ಬೀದಿಯಲ್ಲಿ ಹತ್ತು ನಿಮಿಷ ಯಾರೂ ಏನೂ ಮಾಡದೆ ನಿಂತಿದ್ದರಾ?

ಮಂಗಳೂರಿನಲ್ಲಿ ಸಿಟಿ ಬಸ್ಸಿಗೆ ಕಾಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಂಪನಕಟ್ಟೆಯಲ್ಲಿ ಎರಡು ನಿಮಿಷದ ಟೈಮಿಂಗ್‌ಗೆ ಎರಡು ಬಸ್ಸಿನ ಕಂಡಕ್ಟರ್‌ಗಳು ಜಗಳಕ್ಕೇ ನಿಲ್ಲುತ್ತಾರೆ, ಇಬ್ಬರ ಕೈಯಲ್ಲೂ ವಾಚ್ ಇರುತ್ತದೆ, ಇಬ್ಬರೂ ತಮ್ಮದೇ ಸರಿ ಅನ್ನುತ್ತಾರೆ, ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ದಿನಾ ಒಂದೇ ಬಸ್ ಹಿಡಿಯುವವರು ಗಡಿಯಾರ ನೋಡದೆ ಅಭ್ಯಾಸದ ಮೇಲೆ ಟೈಮ್ ಹೇಳುತ್ತಾರೆ. ಮಾರ್ಕಮ್ ಹಿಡಿಯಬೇಕಿದ್ದದ್ದು ಒಂದೂಕಾಲರ ಬಸ್. ಅವರ ಲೆಕ್ಕ ಅಲ್ಲಿಂದ ಹಿಂದಕ್ಕೆ ಹೋದದ್ದು ಅಂತ ನನಗೆ ಅನಿಸುತ್ತದೆ. ಅದು ನನ್ನ ಊಹೆ, ಊಹೆ ಅಂತಲೇ ತೆಗೆದುಕೊಳ್ಳಿ. ಆದರೆ ಬೌಲಿ ಅವರನ್ನು ಆಯೋಗ ಕರೆಯಲೇ ಇಲ್ಲ, ಅದು ಮಾತ್ರ ಊಹೆ ಅಲ್ಲ. ಆ ವಾಚ್ ಸರಿ ಇತ್ತಾ, ಎಷ್ಟು ಮುಂದೆ ಹಿಂದೆ ಓಡುತ್ತಿತ್ತು ಅಂತ ಒಂದು ಮಾತು ಕೇಳಿದ್ದರೆ ಈ ಅರುವತ್ತು ವರ್ಷದ ಜಗಳ ಅರ್ಧ ಕಡಿಮೆಯಾಗುತ್ತಿತ್ತು.

ನೆನಪು ಹೇಗೆ ಕೈಕೊಡುತ್ತದೆ ಅನ್ನಲು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಮಾಡಿದ ಪ್ರಯೋಗ ಇದೆ. ಎಲ್ಲರಿಗೂ ಒಂದೇ ಅಪಘಾತದ ಫಿಲ್ಮ್ ತೋರಿಸಿದರು. ಕೆಲವರಿಗೆ, ಕಾರುಗಳು ತಾಗಿದಾಗ ಎಷ್ಟು ಸ್ಪೀಡಿತ್ತು ಅಂತ ಕೇಳಿದರು. ಇನ್ನು ಕೆಲವರಿಗೆ, ಜಜ್ಜಿ ಹೋದಾಗ ಎಷ್ಟು ಸ್ಪೀಡಿತ್ತು ಅಂತ. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರೆ 'ತಾಗಿದಾಗ' ಅಂತ ಕೇಳಿಸಿಕೊಂಡ 50 ಜನರಲ್ಲಿ 7 ಜನ ಹೌದು ಅಂದರು, 'ಜಜ್ಜಿ ಹೋದಾಗ' ಅಂತ ಕೇಳಿಸಿಕೊಂಡ 50ರಲ್ಲಿ 16 ಜನ. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ.

ಹಾಗಾದರೆ ಆಸ್ವಾಲ್ಡ್ ವಿರುದ್ಧ ಉಳಿದದ್ದೇನು? ಖಾಲಿ ತೋಟೆಗಳು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಚಿಪ್ಪುಗಳು.

ಡೊಮಿಂಗೊ ಬೆನವಿಡಿಸ್ ಎಂಬವರು ತಮ್ಮ ಪಿಕಪ್ ಗಾಡಿಯಲ್ಲಿ ಟಿಪಿಟ್ ಕಾರಿನಿಂದ ಕೆಲವೇ ಅಡಿ ದೂರದಲ್ಲಿದ್ದರು. ಹೆದರಿ ಗಾಡಿಯೊಳಗೇ ತಲೆ ತಗ್ಗಿಸಿ ಕೂತರು. ಕೊಲೆಗಾರ ನಡೆಯುತ್ತಾ ರಿವಾಲ್ವರ್ ಖಾಲಿ ಮಾಡಿ ತೋಟೆ ಎಸೆದದ್ದನ್ನು ನೋಡಿದ್ದರು. ಆಮೇಲೆ ಇಳಿದು ಹೋಗಿ ಎರಡು ತೋಟೆ ಹುಡುಕಿ, ಬೆರಳಚ್ಚು ಹಾಳಾಗಬಾರದು ಅಂತ ಒಂದು ಕಡ್ಡಿಯಿಂದ ಎತ್ತಿ, ಖಾಲಿ ವಿನ್‌ಸ್ಟನ್ ಸಿಗರೇಟ್ ಪ್ಯಾಕಿಗೆ ಹಾಕಿ ಪೊಲೀಸರಿಗೆ ಕೊಟ್ಟರು. ಎಂಥ ಎಚ್ಚರ! ಇದೇ ಮನುಷ್ಯ, ಅಷ್ಟು ಹತ್ತಿರದಿಂದ ನೋಡಿದವರು, ನನಗೆ ಮುಖ ಗುರುತು ಹಿಡಿಯಲು ಆಗಲಿಕ್ಕಿಲ್ಲ ಅಂದರು. ಅದಕ್ಕೇ ಅವರನ್ನು ಪರೇಡಿಗೇ ಕರೆಯಲಿಲ್ಲ. ದೂರದಲ್ಲಿ ಬೆರಳ ಸಂದಿಯಿಂದ ನೋಡಿದವರನ್ನು ಕರೆದರು, ಹತ್ತಿರದವರನ್ನು ಬಿಟ್ಟರು. ಆದರೂ ನನ್ನ ಲೆಕ್ಕದಲ್ಲಿ ಇಡೀ ಕೇಸಿನ ಅತ್ಯುತ್ತಮ ಸಾಕ್ಷಿ ಬೆನವಿಡಿಸ್, ಯಾಕಂದರೆ ಅವರು ತನಗೆ ಗೊತ್ತಿದ್ದಷ್ಟೇ ಹೇಳಿದರು.

ಆ ಎರಡು ತೋಟೆಗಳನ್ನು ತೆಗೆದುಕೊಂಡ ಪೋ ಎಂಬ ಪೊಲೀಸ್ ಅಧಿಕಾರಿ, ಅದರ ಮೇಲೆ ನನ್ನ ಹೆಸರಿನ ಅಕ್ಷರ ಕೊರೆದ ನೆನಪು ಅಂದರು. ಆಮೇಲೆ ತೋಟೆ ಕೈಗೆ ಕೊಟ್ಟು ತೋರಿಸಿ ಅಂದರೆ ಅವರಿಗೆ ಆ ಗುರುತು ಸಿಗಲಿಲ್ಲ. ತಮ್ಮ ಇಲ್ಲಿ ಮೇಜು ಕುಟ್ಟುತ್ತಾನೆ. "ನೋಡಿ ದೊಡ್ಡಪ್ಪ, ನಿಮ್ಮ ಕೋರ್ಟಿನಲ್ಲಿ ಮಹಜರು ಹೀಗಿದ್ದರೆ ನೀವು ಬಿಡುತ್ತಿದ್ದಿರಾ?" ದೊಡ್ಡಪ್ಪ ಒಪ್ಪಿದರು, ಬಿಡುತ್ತಿರಲಿಲ್ಲ. ನಾನೂ ಒಪ್ಪುತ್ತೇನೆ, ಬೇಕಾದರೆ ಆ ಎರಡನ್ನೂ ಲೆಕ್ಕದಿಂದ ತೆಗೆದುಬಿಡಿ. ಉಳಿದ ಎರಡು? ಅವು ಸಿಕ್ಕಿದ್ದು ಮೂಲೆ ಮನೆಯ ಬಾರ್ಬರಾ ಡೇವಿಸ್ ಮತ್ತು ಅವರ ಸಂಬಂಧಿ ವರ್ಜೀನಿಯಾ ಡೇವಿಸ್‌ಗೆ, ಒಬ್ಬೊಬ್ಬರಿಗೆ ಒಂದೊಂದು. ಅವು ಹೋದದ್ದು ಬೇರೆ ಅಧಿಕಾರಿಗಳ ಕೈಗೆ, ಬೇರೆ ದಾರಿಯಲ್ಲಿ. ನಾಲ್ಕೂ ಹೊಂದಿಕೆಯಾದದ್ದು ಒಂದೇ ರಿವಾಲ್ವರಿಗೆ. ಕೊಲೆಯಾಗಿ ಮುಕ್ಕಾಲು ಗಂಟೆಯೊಳಗೆ, ಟೆಕ್ಸಾಸ್ ಥಿಯೇಟರ್ ಎಂಬ ಟಾಕೀಸಿನಲ್ಲಿ ಆಸ್ವಾಲ್ಡ್ ಕೈಯಲ್ಲಿದ್ದ ರಿವಾಲ್ವರ್ ಅದು. ಹೈಡೆಲ್ ಎಂಬ ಸುಳ್ಳು ಹೆಸರಿನಲ್ಲಿ ಅಂಚೆ ಮೂಲಕ ಆರ್ಡರ್ ಮಾಡಿ ತರಿಸಿಕೊಂಡದ್ದು.

ಗುಂಡುಗಳ ಕಥೆ ಬೇರೆ. ದೇಹದಲ್ಲಿ ಸಿಕ್ಕ ನಾಲ್ಕು ಗುಂಡುಗಳಲ್ಲಿ ಮೂರು ವೆಸ್ಟರ್ನ್ ಕಂಪನಿಯದು, ಒಂದು ರೆಮಿಂಗ್ಟನ್ ಕಂಪನಿಯದು. ತೋಟೆಗಳಲ್ಲಿ ಎರಡು ಅದು, ಎರಡು ಇದು. ಲೆಕ್ಕ ಕೂಡುವುದಿಲ್ಲ. ಒಂದು ಗುಂಡು ಗುರಿ ತಪ್ಪಿರಬಹುದು, ಒಂದು ತೋಟೆ ಸಿಗದೇ ಹೋಗಿರಬಹುದು. ಗುಂಡುಗಳು ಇದೇ ರಿವಾಲ್ವರಿನದು ಅಂತ ಎಫ್‌ಬಿಐ ತಜ್ಞರೂ ಖಚಿತವಾಗಿ ಹೇಳಲಿಲ್ಲ, ಯಾಕಂದರೆ ಅದು ಬೇರೆ ಬಗೆಯ ತೋಟೆಗೆ ಮಾಡಿದ ರಿವಾಲ್ವರ್, ಆಮೇಲೆ .38 ಸ್ಪೆಷಲ್ ಎಂಬ ತೋಟೆ ಹಿಡಿಸುವ ಹಾಗೆ ತಿದ್ದಿದ್ದು. ನಳಿಗೆ ಗುಂಡಿಗಿಂತ ಚೂರು ಅಗಲ, ಹಾಗಾಗಿ ಗುಂಡಿನ ಮೇಲೆ ಗೀರುಗಳು ಒಂದೇ ತರ ಬೀಳುವುದಿಲ್ಲ. ಗುಂಡು ಹೊಂದಲಿಲ್ಲ ಅಂತ ಬರೀ ಅಷ್ಟನ್ನೇ ಹಾಕುವ ವಿಡಿಯೊಗಳು ಈ ಕಾರಣ ಹೇಳುವುದಿಲ್ಲ. ಹೇಳಬೇಕು.

ದೊಡ್ಡಪ್ಪ ಆ ದಿನ ನಮ್ಮ ಸುಪ್ರೀಂ ಕೋರ್ಟಿನ 1957ರ ತೀರ್ಪೊಂದನ್ನು ನೆನಪಿಸಿದರು, ವಡಿವೇಲು ತೇವರ್ ಕೇಸು. ಸಾಕ್ಷಿಗಳು ಮೂರು ತರ: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು. ತೊಂದರೆ ಇರುವುದು ಮೂರನೆಯವರ ಹತ್ತಿರ. ಅವರ ಮಾತಿಗೆ ಬೇರೆ ಕಡೆಯಿಂದ ಬೆಂಬಲ ಹುಡುಕಬೇಕು. ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಅನ್ನುವ ಪಾಶ್ಚಾತ್ಯರ ಹಳೆಯ ನಿಯಮವನ್ನೂ ನಮ್ಮ ಕೋರ್ಟುಗಳು ಒಪ್ಪಿಲ್ಲ. ಮಾರ್ಕಮ್ ಆ ಮೂರನೇ ಸಾಲಿನವರು. ಟಿಪಿಟ್ ಶವದ ಹತ್ತಿರ ತಾನೊಬ್ಬಳೇ ಇಪ್ಪತ್ತು ನಿಮಿಷ ಇದ್ದೆ ಅಂದರು, ಅದು ಆಗದ ಮಾತು. ಆದರೆ ಒಬ್ಬನೇ ಒಬ್ಬ ಗುಂಡು ಹೊಡೆದು ಪ್ಯಾಟನ್ ರಸ್ತೆ ಕಡೆ ಹೋದ ಅಂದದ್ದಕ್ಕೆ ಟ್ಯಾಕ್ಸಿ ಡ್ರೈವರ್ ಸ್ಕಾಗಿನ್ಸ್, ಡೇವಿಸ್ ಮನೆಯವರು, ಬೆನವಿಡಿಸ್ ಎಲ್ಲರ ಮಾತೂ ಹೊಂದುತ್ತದೆ. ಅಷ್ಟನ್ನು ಇಟ್ಟುಕೊಳ್ಳಿ. ಮುಖ ಗುರುತು ಹಿಡಿದದ್ದನ್ನು ಬಿಡಿ.

ಕೊಲೆಗಾರ ಹಾಕಿದ್ದ ಜಾಕೆಟ್ ಬಣ್ಣದ ಜಗಳಕ್ಕೆ ನಾನು ಹೋಗುವುದಿಲ್ಲ. ಕಪ್ಪು ಕೋಟು ಅಂದವರಿದ್ದಾರೆ, ತಿಳಿ ಕಂದು ಅಂದವರಿದ್ದಾರೆ, ಸಿಕ್ಕಿದ್ದು ತಿಳಿ ಬೂದು. ಓಡುತ್ತಿರುವವನ ಬಟ್ಟೆಯ ಬಣ್ಣದ ಮೇಲೆ ಕೇಸ್ ಕಟ್ಟುವುದೂ ಬೇಡ, ಕೆಡವುವುದೂ ಬೇಡ.

ಅಕ್ವಿಲಾ ಕ್ಲೆಮನ್ಸ್ ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ಅದೇ ಬೀದಿಯ ಮನೆಯೊಂದರಲ್ಲಿ ಕೆಲಸಕ್ಕಿದ್ದ ಕಪ್ಪು ಹೆಂಗಸು. ಇಬ್ಬರನ್ನು ನೋಡಿದೆ, ಒಬ್ಬ ಇನ್ನೊಬ್ಬನಿಗೆ ಕೈಸನ್ನೆ ಮಾಡಿದ ಅಂತ ಆಮೇಲೆ ಸಂದರ್ಶನದಲ್ಲಿ ಹೇಳಿದರು. ವಾರೆನ್ ಆಯೋಗ ಅವರನ್ನು ಕರೆಯಲಿಲ್ಲ. ಅವರ ಮಾತು ಉಳಿದವರ ಮಾತಿಗೆ ಹೊಂದುವುದಿಲ್ಲ, ಎರಡನೆಯವನು ಬರೀ ಓಡಿಬಂದ ದಾರಿಹೋಕ ಆಗಿರಬಹುದು ಅಂತ ನಾನು ತಮ್ಮನಿಗೆ ಹೇಳಿದೆ. ಅವನು ಕೇಳಿದ, "ಇರಬಹುದು ಅಕ್ಕ, ಆದರೆ ಅದನ್ನು ಅವರ ಹತ್ತಿರವೇ ಕೇಳಬೇಕಿತ್ತಲ್ಲ?"

ಹೌದು, ಕೇಳಬೇಕಿತ್ತು. ಟಿಪಿಟ್‌ನನ್ನು ಕೊಂದದ್ದು ಆಸ್ವಾಲ್ಡ್ ಅಂತಲೇ ನಾನು ನಂಬುತ್ತೇನೆ, ತೋಟೆ ಮತ್ತು ರಿವಾಲ್ವರಿನ ಬಲದ ಮೇಲೆ. ಆದರೆ ತಮ್ಮನ ಆ ಒಂದು ಪ್ರಶ್ನೆಗೆ ದೊಡ್ಡಪ್ಪನ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇಲ್ಲ.