ಊರಾಚೆಯ ಬಡಾವಣೆ ಯಾರಿಗೆ ಎಷ್ಟು ದೂರ?

ನಮಸ್ಕಾರ. ಶಿವಮೊಗ್ಗದ ಹೊರವಲಯದಲ್ಲಿ ಮನೆ ಕಟ್ಟಿಸಿಕೊಂಡಿರುವ ವೀಕ್ಷಕರೊಬ್ಬರು ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ನಗರದ ಮಧ್ಯದಲ್ಲಿರುವ ಕಚೇರಿಗೆ ಬೈಕಿನಲ್ಲಿ ಹೋಗಿಬರುವುದು ಅವರಿಗೆ ಕಷ್ಟವೆನಿಸಿಲ್ಲವಂತೆ. ಆದರೆ ಅವರ ಪತ್ನಿಗೆ ಮಾತ್ರ, ಗೃಹಪ್ರವೇಶವಾಗಿ ವರ್ಷಗಳು ಕಳೆದರೂ, ಊರು ಬಿಟ್ಟು ಬಂದಂತೆಯೇ ಅನಿಸುತ್ತಿದೆಯಂತೆ. ಒಂದೇ ಬಾಗಿಲಿನಿಂದ ಹೊರಡುವ ಇಬ್ಬರಲ್ಲಿ ಒಬ್ಬರಿಗೆ ಊರು ಹತ್ತಿರವಾಗಿಯೂ ಇನ್ನೊಬ್ಬರಿಗೆ ದೂರವಾಗಿಯೂ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ. ಇದು ಆ ಒಂದು ಮನೆಯ ಪ್ರಶ್ನೆಯಲ್ಲವಾದ್ದರಿಂದ ಇಡೀ ವಿಡಿಯೋವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

[ದೃಶ್ಯ: ಶಿವಮೊಗ್ಗ ಮತ್ತು ಭದ್ರಾವತಿಯ ನಕ್ಷೆ]

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ ಮೂರು ಲಕ್ಷ ಇಪ್ಪತ್ತೆರಡು ಸಾವಿರವನ್ನು ದಾಟಿತ್ತು. ಸಾಗರ ರಸ್ತೆ, ಹೊನ್ನಾಳಿ ರಸ್ತೆ, ಭದ್ರಾವತಿ ರಸ್ತೆಗಳ ಉದ್ದಕ್ಕೂ ನಗರ ಹಬ್ಬುತ್ತಾ ಹೋಗಿ, ಭತ್ತದ ಗದ್ದೆಗಳು ಭೂಪರಿವರ್ತನೆಯಾಗಿ ಸೈಟುಗಳಾದವು. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಶಿವಮೊಗ್ಗ ಮತ್ತು ಭದ್ರಾವತಿಗಳಿಗೆ ನಗರಾಭಿವೃದ್ಧಿ ಪ್ರಾಧಿಕಾರವೂ ಒಂದೇ, ಅದನ್ನೇ ನಾವು ಸೂಡಾ ಎನ್ನುತ್ತೇವೆ. ಈ ಎರಡರ ನಡುವೆ ನಿದಿಗೆ ಮತ್ತು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿರುವುದರಿಂದ ಬಿ.ಎಚ್. ರಸ್ತೆಯಲ್ಲಿ ಬೆಳಗ್ಗೆ ಎರಡು ದಿಕ್ಕಿನಲ್ಲಿಯೂ ಜನ ಕೆಲಸಕ್ಕೆ ಹೊರಟಿರುತ್ತಾರೆ.

ಇನ್ನು ನನ್ನನ್ನು ಬಹುವಾಗಿ ಕಾಡಿದ ಸಂಗತಿಗೆ ಬರೋಣ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಾರಿಗೆ ತಜ್ಞ ಯಾಕೋವ್ ಜಹಾವಿ ಅದಕ್ಕೂ ಮೊದಲೇ ಗಮನಿಸಿದ್ದ ಮಾತನ್ನು ಅವರು ಮುಂದುವರಿಸಿದ್ದರು. ಯಾವ ದೇಶವಾಗಲಿ, ಯಾವ ಕಾಲವಾಗಲಿ, ಮನುಷ್ಯರು ಸರಾಸರಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಮಾತ್ರ ಓಡಾಟಕ್ಕೆ ಕೊಡುತ್ತಾರೆ, ಅಂದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಪಡಿತರ ಚೀಟಿಯಲ್ಲಿ ಇಷ್ಟೇ ಅಕ್ಕಿ ಎಂದು ಬರೆದಿಟ್ಟ ಹಾಗೆ ಈ ಒಂದು ಗಂಟೆ ನಮ್ಮೆಲ್ಲರಿಗೂ ನಿಗದಿಯಾಗಿದೆ ಎಂಬುದು ಅವರ ವಾದ. ವೇಗದ ವಾಹನ ಕೈಗೆ ಬಂದಾಗ ಜನ ಆ ಸಮಯವನ್ನು ಉಳಿಸಿಕೊಳ್ಳುವುದಿಲ್ಲ, ಅಷ್ಟೇ ಸಮಯದಲ್ಲಿ ತಲುಪಬಹುದಾದ ಇನ್ನೂ ದೂರದ ಜಾಗಕ್ಕೆ ಮನೆಯನ್ನು ಒಯ್ಯುತ್ತಾರೆ.

ಇದಕ್ಕೆ ಮಾರ್ಕೆಟ್ಟಿ ಕೊಟ್ಟ ಸಾಕ್ಷ್ಯ ಹಳೆಯ ನಗರಗಳ ಕೋಟೆಗೋಡೆಗಳು. ರೋಮ್ ಆಗಲಿ, ಪರ್ಸಿಪೊಲಿಸ್ ಆಗಲಿ, ಗೋಡೆಯೊಳಗಿನ ಪ್ರಾಚೀನ ನಗರಗಳ ವ್ಯಾಸ ಐದು ಕಿಲೋಮೀಟರನ್ನು ಮೀರಿರಲಿಲ್ಲ ಎಂದು ಅವರು ತೋರಿಸಿದರು. ಗಂಟೆಗೆ ಐದು ಕಿಲೋಮೀಟರ್ ನಡೆಯುವವನು ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರ್ ಹೋಗುತ್ತಾನಷ್ಟೆ. ನಮ್ಮ ಹಳೆಯ ಶಿವಮೊಗ್ಗವನ್ನೇ ನೋಡಿ: ತುಂಗೆಯ ದಡದ ಕೋಟೆ, ಶಿವಪ್ಪನಾಯಕನ ಅರಮನೆ, ಗಾಂಧಿ ಬಜಾರ್, ದುರ್ಗಿಗುಡಿ ಎಲ್ಲವೂ ಆ ನಡಿಗೆಯೊಳಗೇ ಇವೆ.

[ದೃಶ್ಯ: ಒಂದರ ಸುತ್ತ ಒಂದು ಬೆಳೆಯುವ ವೃತ್ತಗಳು]

ಈಗ ಇದೇ ಲೆಕ್ಕಕ್ಕೆ ವಾಹನಗಳನ್ನು ಸೇರಿಸಿ. ಸೈಕಲ್ಲಿಗೆ ಗಂಟೆಗೆ ಹದಿನೈದು ಕಿಲೋಮೀಟರ್ ವೇಗವೆಂದರೆ ಅರ್ಧ ಗಂಟೆಯಲ್ಲಿ ಏಳೂವರೆ ಕಿಲೋಮೀಟರ್. ಬೈಕಿಗೆ ಸರಾಸರಿ ಮೂವತ್ತರ ವೇಗವೆಂದು ಇಟ್ಟುಕೊಂಡರೆ ಹದಿನೈದು ಕಿಲೋಮೀಟರ್. ನಡೆಯುವವನ ಎರಡೂವರೆಗೂ ಬೈಕಿನವನ ಹದಿನೈದಕ್ಕೂ ಇರುವುದು ಆರು ಪಟ್ಟಿನ ವ್ಯತ್ಯಾಸ. ಆದರೆ ಊರು ಹರಡುವುದು ಸುತ್ತಲೂ ಆದ್ದರಿಂದ ವಿಸ್ತೀರ್ಣ ಆರರ ವರ್ಗದಷ್ಟು, ಅಂದರೆ ಮೂವತ್ತಾರು ಪಟ್ಟು ಬೆಳೆಯುತ್ತದೆ. ಇಪ್ಪತ್ತು ಚದರ ಕಿಲೋಮೀಟರಿನೊಳಗೆ ಇದ್ದ ಊರು ಏಳುನೂರು ಚದರ ಕಿಲೋಮೀಟರಿನಷ್ಟು ಆಗಬಹುದು, ಅದರ ನಿವಾಸಿಗಳು ಮಾತ್ರ ಮನೆಗೆ ಅದೇ ಅರ್ಧ ಗಂಟೆಯಲ್ಲೇ ತಲುಪುತ್ತಾರೆ. ಗಾಜನೂರು, ನಿದಿಗೆ, ಮಾಚೇನಹಳ್ಳಿ ಎಲ್ಲವೂ ಆ ವೃತ್ತದೊಳಗೆ ಬಂದುಬಿಡುತ್ತವೆ. ಗದ್ದೆಯ ನಡುವೆ ಬಡಾವಣೆಯ ಕಮಾನು ಏಕೆ ಎದ್ದಿತು ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ನನಗೆ ಸಿಕ್ಕಿಲ್ಲ.

ಆದರೆ ಇದು ಸರಾಸರಿಯ ಲೆಕ್ಕ, ಮತ್ತು ನಮ್ಮ ವೀಕ್ಷಕರ ಪ್ರಶ್ನೆಗೆ ಉತ್ತರ ಇರುವುದು ಸರಾಸರಿ ಮುಚ್ಚಿಡುವ ಭಾಗದಲ್ಲಿ. ಮನೆಯಲ್ಲಿ ಒಂದೇ ಬೈಕು ಇದ್ದು ಅದು ಬೆಳಗ್ಗೆ ಒಂಬತ್ತಕ್ಕೆ ಹೊರಟುಹೋದ ಮೇಲೆ, ಉಳಿದವರಿಗೆ ಇರುವುದು ಬಸ್ಸು. ಮನೆಯಿಂದ ಮುಖ್ಯರಸ್ತೆಯ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ, ಅಲ್ಲಿ ಇಪ್ಪತ್ತು ನಿಮಿಷದ ಕಾಯುವಿಕೆ ಎಂದುಕೊಳ್ಳಿ. ಆಕೆಯ ಪಾಲಿನ ಅರ್ಧ ಗಂಟೆ ಬಸ್ಸು ಹತ್ತುವ ಮೊದಲೇ ಮುಗಿದಿರುತ್ತದೆ. ಗಂಡನ ಊರು ಹದಿನೈದು ಕಿಲೋಮೀಟರಿನಷ್ಟು ಅಗಲವಾಗಿರುವಾಗ ಹೆಂಡತಿಯ ಊರು ಬಡಾವಣೆಯ ಕೊನೆಯ ತಿರುವಿನಲ್ಲಿ, ಹಾಲಿನ ಬೂತು ಮತ್ತು ಕಿರಾಣಿ ಅಂಗಡಿಯ ಹತ್ತಿರ ನಿಂತುಬಿಡುತ್ತದೆ. ಆಕೆ ದೂರವೆಂದು ಹೇಳುತ್ತಿರುವುದು ಮನಸ್ಸಿನ ಭಾವನೆಯಲ್ಲ, ಗಡಿಯಾರದ ಸತ್ಯ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ: ಹೊಸ ಬಡಾವಣೆಗೆ ಹೊಂದಿಕೊಳ್ಳದ ಹೆಂಗಸರಿಗೆ, ವಯಸ್ಸಾದ ಅತ್ತೆ ಮಾವಂದಿರಿಗೆ, ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಬಹುತೇಕ "ಅಭ್ಯಾಸವಾಗುತ್ತೆ ಬಿಡು" ಎಂಬುದಷ್ಟೇ. ಬಾರದ ಬಸ್ಸಿಗೆ ಯಾರೂ ಅಭ್ಯಾಸವಾಗಬೇಕಾಗಿಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಇಲ್ಲಿ ನೆನೆಯಬೇಕು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಆದರೆ ಮಲೆನಾಡಿನ ಅನೇಕ ಮಾರ್ಗಗಳಲ್ಲಿ ದಶಕಗಳಿಂದ ಜನರನ್ನು ಸಾಗಿಸುತ್ತಿರುವುದು ಖಾಸಗಿ ಬಸ್ಸುಗಳು, ಯೋಜನೆ ಅವುಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಬಡಾವಣೆಯ ಮುಂದೆ ಖಾಸಗಿ ಬಸ್ಸು ಮಾತ್ರ ಹಾಯುವ ಕಡೆ, ಆ ಅನುಕೂಲ ಕಾಗದದಲ್ಲಿದ್ದರೂ ಕೈಗೆ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಮಾಚೇನಹಳ್ಳಿ ಕಡೆಯ ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳನ್ನು ಪಾಳಿಯ ಹೊತ್ತಿಗೆ ಸರಿಯಾಗಿ ವಾಹನಗಳು ದೂರದ ಹಳ್ಳಿಗಳಿಂದ ಕರೆತರುತ್ತವೆ. ಹೊತ್ತಿಗೆ ಸರಿಯಾಗಿ ವಾಹನ ಬಂದರೆ ಹಳ್ಳಿಯೂ ಹತ್ತಿರವೇ.

ಸಮಯ ಕಡಿಮೆಯಿರುವುದರಿಂದ ಉಳಿದ ಮೂರು ವಿಷಯಗಳನ್ನು ಒಟ್ಟಿಗೆ ಹೇಳುತ್ತೇನೆ. ದೂರದ ಮನೆಯಲ್ಲಿದ್ದರೆ ಸೈಟಿನ ಬೆಲೆಯಲ್ಲಿ ಉಳಿದ ಹಣ ಪ್ರಯಾಣದ ಬೇಸರವನ್ನು ಸರಿದೂಗಿಸಬೇಕು ಎಂಬುದು ಅರ್ಥಶಾಸ್ತ್ರದ ಎಣಿಕೆ. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಜರ್ಮನಿಯ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಅದು ಸರಿದೂಗುತ್ತಿಲ್ಲವೆಂದು, ಹೆಚ್ಚು ಹೊತ್ತು ಪ್ರಯಾಣಿಸುವವರ ನೆಮ್ಮದಿ ಕಡಿಮೆಯೆಂದು ಕಂಡುಬಂತು. 2004ರಲ್ಲಿ ಅಮೆರಿಕದ ಟೆಕ್ಸಾಸಿನ 909 ಉದ್ಯೋಗಸ್ಥ ಮಹಿಳೆಯರ ದಿನಚರಿಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರಿಗೆ, ಇಡೀ ದಿನದಲ್ಲಿ ಅತ್ಯಂತ ಕಡಿಮೆ ಸಂತೋಷ ಕೊಡುವ ಕೆಲಸಗಳ ಸಾಲಿನಲ್ಲಿ ಬೆಳಗಿನ ಪ್ರಯಾಣ ಕಾಣಿಸಿತು. ಇಷ್ಟಾದರೂ ನಾವು ಸೈಟು ನೋಡಲು ಹೋಗುವುದು ಬೇಸಿಗೆಯ ಭಾನುವಾರ, ಸಾಲದೆಂಬಂತೆ ಕಾರಿನಲ್ಲಿ. ಆರಿದ್ರಾ ಅಥವಾ ಪುನರ್ವಸು ಮಳೆ ಜಡಿಯುವಾಗ, ಸೋಮವಾರದ ಎಂಟೂವರೆಗೆ, ಬಸ್ಸಿನಲ್ಲಿ ಹೋಗಿ ನೋಡಿದರೆ ನಿಜವಾದ ದೂರ ತಿಳಿಯುತ್ತದೆ. ಮಾತುಕತೆಗೆ ಮೊದಲು ಮನೆಯ ಎಲ್ಲರೂ, ವಾಹನ ಓಡಿಸದವರೂ, ಒಮ್ಮೆ ಹಾಗೆ ಹೋಗಿಬರಲಿ.

ಕೊನೆಯದು, ಈಗಾಗಲೇ ಬಡಾವಣೆಯಲ್ಲಿ ನೆಲೆಸಿರುವವರಿಗೆ. ನಕ್ಷೆಗೆ ಅನುಮೋದನೆ ಕೊಡುವಾಗ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳಿಗೆ ಜಾಗ ಬಿಡಿಸುತ್ತಾರೆ, ಬಸ್ಸಿನ ವೇಳೆ ಆ ನಕ್ಷೆಯಲ್ಲಿ ಇರುವುದಿಲ್ಲ. ಅದನ್ನು ನಿರ್ಧರಿಸುವ ಜಾಗವೇ ಬೇರೆ. 1988ರ ಮೋಟಾರು ವಾಹನ ಕಾಯ್ದೆಯಡಿ ಬಸ್ಸುಗಳಿಗೆ ಮಾರ್ಗದ ರಹದಾರಿಯನ್ನು, ಅಂದರೆ ಪರ್ಮಿಟ್ಟನ್ನು, ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಮ್ಮ ರಾಜ್ಯದಲ್ಲಿ ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು, ಕಾರ್ಯದರ್ಶಿ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು. ಯಾವ ಮಾರ್ಗದಲ್ಲಿ, ಯಾವ ವೇಳೆಗೆ ಬಸ್ಸು ಓಡಬೇಕೆಂಬ ಷರತ್ತನ್ನು ರಹದಾರಿಯಲ್ಲೇ ಹಾಕುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಬಡಾವಣೆಯ ನಿವಾಸಿಗಳ ಸಂಘ ಬೀದಿದೀಪ, ಚರಂಡಿಗಳಿಗಾಗಿ ಪಾಲಿಕೆಗೆ ಬರೆಯುವಂತೆಯೇ, ಬೆಳಗಿನ ಎಂಟರಿಂದ ಹತ್ತರವರೆಗೆ ಮತ್ತು ಸಂಜೆ ಐದರ ಮೇಲೆ ಎಷ್ಟು ಮಂದಿ ಎಲ್ಲಿಗೆ ಹೋಗಬೇಕಾಗಿದೆ ಎಂಬ ಪಟ್ಟಿ ಮಾಡಿ, ಸಹಿ ಹಾಕಿಸಿ, ಜಿಲ್ಲಾಧಿಕಾರಿಗಳಿಗೂ ಸಾರಿಗೆ ಅಧಿಕಾರಿಗಳಿಗೂ ಸಲ್ಲಿಸಬಹುದು. ಆ ಪಟ್ಟಿಯಲ್ಲಿ ಮನೆಯ ಯಜಮಾನರ ಹೆಸರಿಗಿಂತ ಮೊದಲು, ಬೈಕು ಹೋದ ಮೇಲೆ ಮನೆಯಲ್ಲಿ ಉಳಿಯುವವರ ಹೆಸರುಗಳನ್ನು ಬರೆಯಿರಿ.