ಗಣಪತಿಗೆ ಏರಿಸಲಾಗದ ಗರಿಕೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಮುಂದೆ 20 ಅಡಿ ಅಗಲ, 30 ಅಡಿ ಉದ್ದದ ಗರಿಕೆ ಹುಲ್ಲಿನ ಹಾಸು. ಲಾನ್ ಅಂತಲೇ ಎಲ್ಲರೂ ಅನ್ನುವುದು. ಕೆಲವು ವರ್ಷಗಳ ಹಿಂದೆ, ಗೌರಿ ಹಬ್ಬದ ಸಂಜೆ, ಪಕ್ಕದ ಮನೆಯ ಹುಡುಗಿ ತಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರ ಬಂದಳು. "ಆಂಟಿ, ನಾಳೆ ಗಣಪತಿಗೆ 21 ಗರಿಕೆ ಬೇಕಂತೆ, ಕಿತ್ಕೊಳ್ಲಾ?" ಅಂದಳು. ಬೇಡ ಮರಿ ಅನ್ನಬೇಕಾಯಿತು. ಮೂರು ದಿನದ ಹಿಂದೆಯಷ್ಟೇ ಗೆದ್ದಲಿಗೆ ಅಂತ ಆ ಹುಲ್ಲಿನ ಮೇಲೆಲ್ಲ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಸುರಿದಿದ್ದೆ. ಮಗು ಮುಟ್ಟಬಾರದು, ದೇವರ ತಲೆಗೆ ಏರಿಸಬಾರದು, ಅಂಥ ಗರಿಕೆಯನ್ನು ನೀರು ಹಾಕಿ ಬೆಳೆಸುತ್ತಿದ್ದೆ. ಅವಳು ಖಾಲಿ ತಟ್ಟೆ ಹಿಡಿದು ತಿರುಗಿ ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ.

ಆ ರಾತ್ರಿ ಶೆಡ್ಡಿನಲ್ಲಿದ್ದ ಡಬ್ಬಿಗಳನ್ನೆಲ್ಲ ಹೊರಗೆ ತೆಗೆದು ನೋಡಿದೆ. ಕೀಟನಾಶಕದ ಡಬ್ಬಿಯ ಮೇಲೆ ಒಂದು ತ್ರಿಕೋನ ಬಣ್ಣದಲ್ಲಿ ಇರುತ್ತದೆ, ನೀವೂ ನೋಡಿರುತ್ತೀರಿ. ಕೆಂಪು ಅಂದರೆ ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಅದು ವಿಷವೇ, ಪ್ರಮಾಣ ಕಡಿಮೆ ಅಷ್ಟೆ. ಗೆದ್ದಲಿಗೆ ಅಂತ ನಾನು ಸುರಿದ ಡಬ್ಬಿಯ ಮೇಲಿದ್ದದ್ದು ಹಳದಿ. ಅಷ್ಟು ವರ್ಷ ಆ ಗುರುತನ್ನು ನಾನು ಓದಿರಲೇ ಇಲ್ಲ.

ಇನ್ನು ಯೂರಿಯಾ. ತಿಂಗಳಿಗೊಮ್ಮೆ ಎರಚಿ ನೀರು ಬಿಟ್ಟರೆ ವಾರದೊಳಗೆ ಹುಲ್ಲು ಕಡು ಹಸಿರು. ಕಾರಣ ಇದೆ. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕ, ಅದೂ ನೀರಿಗೆ ಬಿದ್ದೊಡನೆ ಕರಗುವಂಥದ್ದು. ಹುಲ್ಲಿಗೆ ದಕ್ಕಿದಷ್ಟು ದಕ್ಕುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಬಿಸಿಲಿಗೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಸ್ವಲ್ಪ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯುತ್ತದೆ, ಜೋರು ಮಳೆ ಬಂದರೆ ಮೋರಿ ಸೇರುತ್ತದೆ. ಮೋರಿಯ ನೀರು ಕೊನೆಗೆ ಯಾವುದೋ ಕೆರೆಗೇ ತಾನೆ ಹೋಗಬೇಕು? ನಾವೇ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯುವಾಗ ಪಾಚಿ ಕಟ್ಟಿದ್ದನ್ನು ನೋಡಿ ಮರುಗುತ್ತೇವೆ.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಮೇಲ್ಗಡೆಯೇ ಊಟ ಸಿಕ್ಕಿ, ದಿನಾ ಚೂರು ಚೂರು ನೀರೂ ಸಿಕ್ಕರೆ ಬೇರು ಕೆಳಗಿಳಿಯುವುದೇ ಇಲ್ಲ. ಎರಡು ದಿನ ನೀರು ತಪ್ಪಿದರೆ ಹುಲ್ಲು ಬಾಡುತ್ತದೆ. ಒಮ್ಮೆ ಗುದ್ದಲಿ ಹಾಕಿ ಒಂದು ಹೆಂಟೆ ಎತ್ತಿ ನೋಡಿದೆ. ನಮ್ಮ ಕೆಮ್ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿ, ಒಂದೇ ಒಂದು ಎರೆಹುಳು ಇಲ್ಲ.

ಇಂಥ ಪ್ರಶ್ನೆ ಎತ್ತಿದವರು ನಮಗಿಂತ ಮುಂಚೆಯೇ ಇದ್ದಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಡ್ಸನ್ ಅಂತ ಒಂದು ಸಣ್ಣ ಊರು, ಐದಾರು ಸಾವಿರ ಜನ. ಬರೀ ಅಂದಕ್ಕಾಗಿ ಹುಲ್ಲುಹಾಸಿಗೆ ಕೀಟನಾಶಕ, ಕಳೆನಾಶಕ ಹೊಡೆಯಕೂಡದು ಅಂತ ಆ ಊರಿನ ಪುರಸಭೆ 1991ರಲ್ಲಿ ನಿಯಮ ಮಾಡಿತು. ಲಾನ್ ನೋಡಿಕೊಳ್ಳುವ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಪುರಸಭೆಯ ಪರವಾಗಿ ತೀರ್ಪು ಕೊಟ್ಟಿತು. ಹೊಟ್ಟೆಗೆ ಬೆಳೆ ಬೆಳೆಯುವ ರೈತನ ಕಷ್ಟ ಬೇರೆ, ಅವನ ಲೆಕ್ಕಾಚಾರ ಬೇರೆ. ಹುಲ್ಲುಹಾಸಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕೋಸ್ಕರ ವಿಷ ಹೊಡೆಯಲು ನಮಗೆ ಯಾವ ನೆಪವೂ ಇಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಸರಿ, ವಿಷ, ಯೂರಿಯಾ ಎರಡನ್ನೂ ಬಿಟ್ಟೆ. ಬಿಟ್ಟ ಮೇಲೆ ಏನಾಯಿತು ಅನ್ನುವುದನ್ನು ಹೇಳಲಿಕ್ಕೇ ಇವತ್ತು ಬಂದದ್ದು. ಸಾವಯವಕ್ಕೆ ಬದಲಾದವರಲ್ಲಿ ಬಹಳ ಜನ ಆರೇ ತಿಂಗಳಿಗೆ ಕೈಚೆಲ್ಲುವುದು ಇದೇ ಜಾಗದಲ್ಲಿ. ಹುಲ್ಲು ಹಳದಿಗೆ ತಿರುಗಿತು. ಅಲ್ಲಲ್ಲಿ ತೇಪೆ ತೇಪೆ. ಬಂದವರೆಲ್ಲ "ನೀರು ಹಾಕೋದು ಬಿಟ್ರಾ?" ಅಂತ ಕೇಳಿದರು. ಎರೆಗೊಬ್ಬರದಲ್ಲಿ ಸಾರಜನಕ ಇರುವುದು ನೂರಕ್ಕೆ ಒಂದೂವರೆ, ಎರಡು ಭಾಗ. ಬೇವಿನ ಹಿಂಡಿಯಲ್ಲಿ ನಾಲ್ಕೈದು. ಅದೂ ನೇರವಾಗಿ ಬೇರಿಗೆ ಸಿಗುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು, ಜೀರ್ಣಿಸಿ, ಆಮೇಲೆ ಹುಲ್ಲಿಗೆ ಬಡಿಸಬೇಕು. ನನ್ನ ಮಣ್ಣಿನಲ್ಲಿ ಬಡಿಸುವವರೇ ಇರಲಿಲ್ಲ. ಅವರು ಮತ್ತೆ ಬಂದು ನೆಲೆಸಲು ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿನವರೆಗೆ ಹಿಡಿಯಿತು. ಆ ಒಂದು ವರ್ಷವನ್ನು ತಾಳಿಕೊಳ್ಳಿ. ಹುಲ್ಲು ಸತ್ತಿಲ್ಲ. ಗರಿಕೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯೇ ಅಲ್ಲ.

ಆ ವರ್ಷದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಆತುರಕ್ಕೆ ಬಿದ್ದು, ಪೂರ್ತಿ ಕಳಿಯದ ತಿಪ್ಪೆ ಗೊಬ್ಬರವನ್ನು ಮಂಕರಿಗಟ್ಟಲೆ ತರಿಸಿ ಹರಡಿಸಿದೆ. ಅರೆಕಳಿತ ಗೊಬ್ಬರ ಕಂಡರೆ ಗೊಣ್ಣೆಹುಳುವಿನ ದುಂಬಿಗೆ ಹಬ್ಬ, ಅಲ್ಲೇ ಬಂದು ಮೊಟ್ಟೆ ಇಡುತ್ತದೆ. ಕೆಲವು ವಾರ ಕಳೆದ ಮೇಲೆ ಹುಲ್ಲು ಹಿಡಿದು ಎಳೆದರೆ ಚಾಪೆ ಸುತ್ತಿದ ಹಾಗೆ ಎದ್ದು ಬಂತು, ಅಡಿಯಲ್ಲಿ ಬೇರೇ ಇಲ್ಲ, ಬಾಗಿಕೊಂಡು ಮಲಗಿದ ಬಿಳಿ ಹುಳುಗಳು. ಮತ್ತೆ ಆ ಹಳದಿ ತ್ರಿಕೋನದ ಡಬ್ಬಿಯ ನೆನಪು ಬಂತು. ತಡೆದುಕೊಂಡೆ. ಸಿಕ್ಕಷ್ಟನ್ನು ಆರಿಸಿ ಸೋಪಿನ ನೀರಿಗೆ ಹಾಕಿದೆ, ಬೇವಿನ ಹಿಂಡಿ ಬೆರೆಸಿದೆ. ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ಬರುತ್ತದೆ, ಅದು ಗೊಣ್ಣೆಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಅದನ್ನು ಕಳಿತ ಗೊಬ್ಬರಕ್ಕೆ ಕಲಸಿ, ಸಂಜೆ ಹೊತ್ತು ಹಾಕಿ ನೀರು ಕೊಟ್ಟೆ. ಅಷ್ಟರಲ್ಲಿ ಇನ್ನೊಬ್ಬರು ಸಹಾಯಕ್ಕೆ ಬಂದರು: ಚಂದ್ರಮುಕುಟ ಹಕ್ಕಿ. ಎರಡು ಹಕ್ಕಿಗಳು ಬೆಳಿಗ್ಗೆ ಬೆಳಿಗ್ಗೆಯೇ ಇಳಿದು, ಉದ್ದ ಕೊಕ್ಕು ಚುಚ್ಚಿ ಚುಚ್ಚಿ ಹುಳು ಹೆಕ್ಕುತ್ತಿದ್ದವು. ವಿಷ ಹೊಡೆಯುತ್ತಿದ್ದ ದಿನಗಳಲ್ಲಿ ಅವು ನಮ್ಮ ಅಂಗಳಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ.

ಗೊಬ್ಬರ ಕಳಿತಿದೆಯೋ ಇಲ್ಲವೋ ಮೂಗೇ ಹೇಳುತ್ತದೆ. ಸಗಣಿ ವಾಸನೆ ಹೋಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು, ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇರಬಾರದು. ಅಂಥದ್ದನ್ನು ಜರಡಿ ಹಿಡಿದು, ಮುಂಗಾರು ಶುರುವಾದ ಮೇಲೆ ಕಾಲು ಇಂಚು ದಪ್ಪಕ್ಕೆ ಹರಡಿ, ಕಡ್ಡಿ ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಸಿ. ಅದಕ್ಕೂ ಮೊದಲು ಗಟ್ಟಿ ನೆಲಕ್ಕೆ ಕಬ್ಬಿಣದ ಹಾರೆಯಿಂದ ಅಲ್ಲಲ್ಲಿ ತೂತು ಹಾಕಿದರೆ ಗಾಳಿ, ನೀರು ಒಳಗಿಳಿಯುತ್ತವೆ.

ಜೀವಾಮೃತ ಅನ್ನುವ ದ್ರವ ಗೊಬ್ಬರವನ್ನು ರೈತರು ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಮಾಡುತ್ತಾರೆ. ನಮ್ಮ 600 ಚದರ ಅಡಿಗೆ ಮೂರು ಲೀಟರ್ ಧಾರಾಳವಾಯಿತು. ನಾನು 20 ಲೀಟರ್ ಬಕೆಟ್ಟಿನಲ್ಲಿ ಮಾಡುತ್ತೇನೆ: ಒಂದು ಕಿಲೋ ನಾಟಿ ಹಸುವಿನ ಸಗಣಿ, ಅರ್ಧದಿಂದ ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಮರದ ಬುಡದ ಒಂದು ಹಿಡಿ ಮಣ್ಣು. ಬೆಲ್ಲ ಮಂಡ್ಯದ ಆಲೆಮನೆಯ ಕಪ್ಪು ಬೆಲ್ಲವಾದರೆ ಒಳ್ಳೆಯದು, ರಾಸಾಯನಿಕ ಹಾಕಿ ಬೆಳ್ಳಗೆ ಮಾಡಿದ್ದು ಬೇಡ. ನೆರಳಲ್ಲಿಟ್ಟು, ದಿನಕ್ಕೆರಡು ಸಲ ಕೋಲಿನಿಂದ ತಿರುವಿ, ಎರಡು ದಿನದ ಮೇಲೆ ಹತ್ತು ಪಟ್ಟು ನೀರು ಬೆರೆಸಿ ಚಿಮುಕಿಸುತ್ತೇನೆ. ಮಿಕ್ಕದ್ದು ಅಕ್ಕಪಕ್ಕದ ಮನೆಯ ತೆಂಗಿಗೆ, ಕರಿಬೇವಿಗೆ.

ಕತ್ತರಿಸಿದ ಹುಲ್ಲನ್ನು ದಯವಿಟ್ಟು ಗುಡಿಸಿ ಕಸದ ಗಾಡಿಗೆ ಹಾಕಬೇಡಿ. ಅದರಲ್ಲಿರುವ ಸಾರಜನಕ ನಿಮ್ಮದೇ ಮಣ್ಣಿನದು, ಅಲ್ಲೇ ಬಿದ್ದು ಕೊಳೆಯಲಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಎರಡು ಇಂಚಿನಷ್ಟು ಉಳಿಸಿದರೆ ಕಳೆಗೆ ಬಿಸಿಲೇ ಸಿಗುವುದಿಲ್ಲ. ನೀರು ದಿನಾ ಬೇಡ, ವಾರಕ್ಕೆರಡು ಸಲ ಆಳಕ್ಕಿಳಿಯುವ ಹಾಗೆ ಕೊಡಿ. ಮಾವಿನ ಮರದ ಕೆಳಗೆ ಮಾತ್ರ ಗರಿಕೆ ಬರಲಿಲ್ಲ, ಅದಕ್ಕೆ ಬಿಸಿಲು ಬೇಕು. ಆ ಜಾಗವನ್ನು ದೊಡ್ಡಪತ್ರೆಗೆ ಬಿಟ್ಟುಕೊಟ್ಟೆ.

ಎರಡನೆಯ ವರ್ಷದ ಗೌರಿ ಹಬ್ಬದ ದಿನ ನಾನೇ ಪಕ್ಕದ ಮನೆಗೆ ಹೋಗಿ ಹುಡುಗಿಯನ್ನು ಕರೆದೆ. ಅವಳು ಬರಿಗಾಲಲ್ಲಿ ಓಡಿ ಬಂದು, ಹುಲ್ಲಿನ ಮೇಲೆ ಕೂತು, ಮೂರು ಎಸಳಿನ ಕುಡಿಯನ್ನೇ ಹುಡುಕಿ ಹುಡುಕಿ ಕಿತ್ತಳು.

ಕೊನ್ನಾರಿ ಕಳೆ ಮಾತ್ರ ಇನ್ನೂ ಇದೆ, ಮುಚ್ಚಿಡುವುದಿಲ್ಲ. ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಔಷಧಿಗೂ ಅದು ಬಗ್ಗಿರಲಿಲ್ಲ. ಮೇಲೆ ಒಣಗಿದರೂ ಕೆಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತಿತ್ತು. ಈಗ ಗೇಟಿನ ಪಕ್ಕದ ಮೂಲೆಯಲ್ಲಷ್ಟೇ ಉಳಿದಿದೆ. ಮಳೆ ಬಂದ ಮರುದಿನ ಮಣ್ಣು ಮೆತ್ತಗಿರುತ್ತದೆ, ಆಗ ಕಳೆ ಕೀಳುವ ಕುರ್ಜಿಗೆ ಹಿಡಿದು ಕೂತರೆ ಗೆಡ್ಡೆ ಸಮೇತ ಬರುತ್ತದೆ. ನಿನ್ನೆ ಸಂಜೆ ಒಳ್ಳೆಯ ಮಳೆಯಾಯಿತು. ಇಲ್ಲಿಂದ ಮನೆಗೆ ಹೋದವಳೇ ಆ ಮೂಲೆಯಲ್ಲಿ ಕೂರುತ್ತೇನೆ.

ನಮಸ್ಕಾರ.