ಹಲಗೆ ದಾರಿಯ ಆಚೀಚೆ

ಕೇಳುಗರಿಗೆ ನಮಸ್ಕಾರ.

ಕೆಸರು ಎಂದರೆ ನಮಗೆ ಗದ್ದೆಯ ಕೆಸರೇ ನೆನಪಾಗುತ್ತದೆ. ಮೊಣಕಾಲಿನವರೆಗೆ ಹೂತರೂ ಅಡಿಯಲ್ಲಿ ಗಟ್ಟಿ ನೆಲ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಅಲ್ಲಿರುತ್ತದೆ. ಫಿನ್ಲೆಂಡಿನ ಪೂರ್ವದಲ್ಲಿ, ರಷ್ಯಾದ ಗಡಿಗೆ ಹತ್ತಿರವಿರುವ ಪಟ್ವಿನ್ಸುವೊ ರಾಷ್ಟ್ರೀಯ ಉದ್ಯಾನದಲ್ಲಿ ಆ ಧೈರ್ಯ ನಡೆಯದು. ‘ಸುವೊ’ ಎಂದರೆ ಅವರ ಭಾಷೆಯಲ್ಲಿ ಜೌಗು. 1982ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 105 ಚದರ ಕಿಲೋಮೀಟರ್. ಹೆಚ್ಚಿನದು ಜೌಗು, ಉಳಿದದ್ದು ಹಳೆಯ ಕಾಡು ಮತ್ತು ಕೆರೆ. ಜೌಗಿನ ಮೇಲೆ ನಡೆಯಲು ಉದ್ದಕ್ಕೂ ಹಲಗೆ ಹಾಸಿದ್ದಾರೆ. ಸಂಕ ದಾಟಿ ರೂಢಿಯಿರುವ ಮಲೆನಾಡಿನವರು ಅಲ್ಲಿ ತಡವರಿಸಲಾರರು.

ಹಲಗೆಯ ಪಕ್ಕದಲ್ಲಿ ಹಸಿರು, ಕೆಂಪು, ಕಂದು ಬಣ್ಣದ ಮೆತ್ತನೆಯ ಹಾಸು. ಅದು ಸ್ಫ್ಯಾಗ್ನಮ್ ಎಂಬ ಹಾವಸೆ. ಒಂದು ಹಿಡಿ ಹಿಂಡಿದರೆ ನೆನೆಸಿಟ್ಟ ಬಟ್ಟೆಯಂತೆ ನೀರು ಧಾರೆಯಾಗಿ ಇಳಿಯುತ್ತದೆ. ಇದು ತುದಿಯಲ್ಲಿ ಬೆಳೆಯುತ್ತ, ಬುಡದಲ್ಲಿ ಸಾಯುತ್ತ ಹೋಗುತ್ತದೆ. ಸತ್ತ ಭಾಗ ಸುಲಭವಾಗಿ ಕೊಳೆಯುವುದಿಲ್ಲ. ಅಲ್ಲಿಯ ನೀರು ಹುಳಿ, ಅದರಲ್ಲಿ ಆಮ್ಲಜನಕವೂ ಇಲ್ಲ; ಕೊಳೆಸುವ ಜೀವಿಗಳಿಗೆ ಅಲ್ಲಿ ಬದುಕು ಕಷ್ಟ. ಹಾಗೆ ಪದರ ಪದರವಾಗಿ ಕೂಡಿದ್ದೇ ಪೀಟ್. ವರ್ಷಕ್ಕೆ ಸರಾಸರಿ ಸುಮಾರು ಒಂದು ಮಿಲಿಮೀಟರಿನಷ್ಟು. ಒಂದು ಮೀಟರ್ ಆಳಕ್ಕೆ ಕೋಲು ಇಳಿಸಿದರೆ ಸಾವಿರ ವರ್ಷ ಹಿಂದಕ್ಕೆ ಹೋದಂತೆ.

ಇಂಥ ನೆಲದಲ್ಲಿ ಸಾರವಿಲ್ಲ. ಅದಕ್ಕೇ ಡ್ರೊಸೆರಾ ಎಂಬ ಪುಟ್ಟ ಗಿಡ ಎಲೆಯ ಅಂಟುಹನಿಗಳಿಂದ ನೊಣ ಹಿಡಿದು ತಿನ್ನುತ್ತದೆ. ಇದರ ದಾಯಾದಿಗಳು ನಮ್ಮ ಕರಾವಳಿಯ ಮುರಕಲ್ಲಿನ ಪಾರೆಗಳ ಮೇಲೂ ಮಳೆಗಾಲ ಕಳೆಯುವಾಗ ಕಾಣಿಸುತ್ತವೆ. ಅಲ್ಲಿಯೂ ಮಣ್ಣು ಬಡವೇ.

ಕಾಡಿನೊಳಗೆ ಬಂದರೆ ಬೂದು ಬೆಳ್ಳಿಯ ಬಣ್ಣದ ಬೋಳು ಪೈನ್ ಮರಗಳು. ತೊಗಟೆ ಎಂದೋ ಉದುರಿದೆ, ಆದರೆ ಮರ ಬಿದ್ದಿಲ್ಲ. ನಿಂತಲ್ಲೇ ಸತ್ತು ಒಣಗಿದ ಇಂಥ ಮರಕ್ಕೆ ಫಿನ್ನಿಷ್‌ನಲ್ಲಿ ‘ಕೆಲೊ’ ಎಂಬ ಪ್ರತ್ಯೇಕ ಹೆಸರೇ ಇದೆ. ಹೀಗೆ ಅದು ನೂರಾರು ವರ್ಷ ನಿಲ್ಲಬಲ್ಲದು. ನಮ್ಮಲ್ಲಾಗಿದ್ದರೆ ಒಣಮರವೆಂದು ಸೌದೆಗೆ ಇಳಿಸುತ್ತಿದ್ದೆವು. ಅಲ್ಲಿ ಜೀರುಂಡೆಗೆ, ಅಣಬೆಗೆ, ಮರಕುಟಿಕಕ್ಕೆ ಅದೇ ಮನೆ.

ಫಿನ್ಲೆಂಡಿನವರು ಎಲ್ಲ ಜೌಗನ್ನೂ ಹೀಗೆ ಬಿಟ್ಟವರಲ್ಲ. ಮರ ಬೆಳೆಸುವ ಆಸೆಗೆ ಕಾಲುವೆ ತೋಡಿ, ದೇಶದ ಅರ್ಧಕ್ಕಿಂತ ಹೆಚ್ಚು ಜೌಗನ್ನು ಒಣಗಿಸಿದರು. ಈಗ ಸಂರಕ್ಷಿತ ಜಾಗಗಳಲ್ಲಿ ಯಂತ್ರ ತಂದು ಅದೇ ಕಾಲುವೆಗಳಿಗೆ ಮಣ್ಣು ತುಂಬುತ್ತಿದ್ದಾರೆ.

ನಮಸ್ಕಾರ.